ಪಟ್ಟಾಯಕ್ಕೆ ಹೊರಟ ಗೇ ಸ್ನೇಹಿತರಿಗೆ: ಮೊದಲು ಕಡಲ ದಂಡೆ, ಆಮೇಲೆ ಬಾರ್

ಮೊದಲ ಸಲ ಥಾಯ್ಲೆಂಡ್‌ನ ಪಟ್ಟಾಯಕ್ಕೆ ಹೋದಾಗ ಮೂರು ರಾತ್ರಿ ಬಾರ್‌ಗಳಲ್ಲಿ ಕಳೆದೆ, ಮೂರು ಹಗಲು ರೂಮಿನ ಪರದೆ ಎಳೆದು ಮಲಗಿದೆ, ವಾಪಸ್ ಬಂದೆ. ಯಾರೊಬ್ಬರ ಜೊತೆಯೂ ಹತ್ತು ನಿಮಿಷ ನೆಟ್ಟಗೆ ಮಾತಾಡಿರಲಿಲ್ಲ. ದುಡ್ಡು ಖರ್ಚಾಗಿತ್ತು, ಮನಸ್ಸು ಹಾಗೇ ಒಣಗಿಕೊಂಡಿತ್ತು. ಎರಡನೇ ಸಲ, ಅಲ್ಲೇ ವರ್ಷಗಳಿಂದ ಇರೋ ಗೆಳೆಯನೊಬ್ಬ ಬೆಳಿಗ್ಗೆ ಹತ್ತಕ್ಕೇ ಎಬ್ಬಿಸಿ ಡಾಂಗ್‌ತಾನ್ ಬೀಚಿಗೆ ಕರ್ಕೊಂಡು ಹೋದ. ಆವತ್ತಿಂದ ನನ್ನ ಪ್ರವಾಸದ ಕ್ರಮವೇ ಬದಲಾಯ್ತು. ಈಗ ಯಾರು ಕೇಳಿದರೂ ಇದೇ ಹೇಳ್ತೀನಿ: ಹಗಲಿನಿಂದ ಶುರು ಮಾಡಿ. ರಾತ್ರಿ ತಾನಾಗೇ ಸರಿಹೋಗುತ್ತೆ.

ಈ ಬರಹ ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮನೆಯಲ್ಲಿ ಇನ್ನೂ ಹೇಳಿಕೊಳ್ಳದ, ಒಬ್ಬರೇ ಅಥವಾ ಸಂಗಾತಿ ಜೊತೆ ಹೊರಟಿರೋ ನಮ್ಮ ಕಡೆಯ ಹುಡುಗರಿಗೆ, ಗಂಡಸರಿಗೆ.

ಹೊರಡೋ ಮುಂಚೆ

ಕಾಲ ನೋಡಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಳೆ ಇರಲ್ಲ, ಸೆಕೆಯೂ ತಡೆಯುವಷ್ಟಿರುತ್ತೆ. ಆದರೆ ರೂಮಿನ ಬಾಡಿಗೆ ಏರಿರುತ್ತೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಏಪ್ರಿಲ್‌ನಲ್ಲಿ ಸೊಂಗ್‌ಕ್ರಾನ್ ಅನ್ನೋ ಹೊಸ ವರ್ಷದ ನೀರಾಟ ಇರುತ್ತೆ. ಥಾಯ್ಲೆಂಡ್‌ನಲ್ಲೆಲ್ಲಾ 13ರಿಂದ 15ರವರೆಗೆ ಮುಗಿದರೆ, ಪಟ್ಟಾಯದಲ್ಲಿ ಅದು 19ರ ತನಕ ಎಳೆಯುತ್ತೆ. ನೀರಾಟ ಇಷ್ಟವಿದ್ದವರಿಗೆ ಅದಕ್ಕಿಂತ ಒಳ್ಳೆ ವಾರ ಇಲ್ಲ. ಮೊದಲ ಸಲ ಹೋಗುವವರಿಗೆ ಮಾತ್ರ ಬೇಡ ಅಂತೀನಿ, ಬೀದಿಯಲ್ಲಿ ಫೋನ್ ಹೊರಗೆ ತೆಗೆಯೋಕೂ ಆಗಲ್ಲ.

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಇದೆ, ಮೂರೂವರೆ ಗಂಟೆ ಚಿಲ್ಲರೆ. ಟಿಕೆಟ್ ತಗೊಳ್ಳುವಾಗ ಯಾವ ಏರ್‌ಪೋರ್ಟಿಗೆ ಇಳಿಸ್ತಾರೆ ಅಂತ ನೋಡಿ. ಸುವರ್ಣಭೂಮಿಯಲ್ಲಿ ಇಳಿದರೆ ಅಲ್ಲಿಂದಲೇ ಪಟ್ಟಾಯದ ದಕ್ಷಿಣಕ್ಕಿರೋ ಜೋಮ್‌ಟಿಯನ್‌ಗೆ ಬಸ್ಸು ಸಿಗುತ್ತೆ, ಎರಡು ಗಂಟೆ ದಾರಿ, ಥಾಯ್ ದುಡ್ಡಿನಲ್ಲಿ ನೂರೈವತ್ತು ಬಾತ್ ಹತ್ತಿರ. ಡಾನ್ ಮುವಾಂಗ್‌ನಲ್ಲಿ ಇಳಿದರೆ ಮೊದಲು ಬ್ಯಾಂಕಾಕ್ ದಾಟಬೇಕು. ಟಿಕೆಟ್‌ನಲ್ಲಿ ಉಳಿದ ಸಾವಿರ ರೂಪಾಯಿ ಅಲ್ಲೇ ಹೋಗುತ್ತೆ.

2024ರ ಜುಲೈನಿಂದ ಭಾರತೀಯರನ್ನು ವೀಸಾ ಇಲ್ಲದೆ 60 ದಿನದವರೆಗೆ ಬಿಟ್ಟುಕೊಳ್ಳೋಕೆ ಶುರು ಮಾಡಿದರು. ಇಂಥ ನಿಯಮ ಆಗಾಗ ಬದಲಾಗುತ್ತೆ, ಆದ್ದರಿಂದ ಟಿಕೆಟ್ ಮಾಡೋ ದಿನ ರಾಯಭಾರ ಕಚೇರಿಯ ವೆಬ್‌ಸೈಟ್ ತೆಗೆದು ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯೋ ದಿನಕ್ಕೆ ಮೂರು ದಿನ ಮುಂಚಿನಿಂದ ಆನ್‌ಲೈನ್‌ನಲ್ಲಿ ತುಂಬಬಹುದು, ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳೋ ವೆಬ್‌ಸೈಟ್ ಸಿಕ್ಕಿದರೆ ಅದು ಸರ್ಕಾರದ್ದಲ್ಲ ಅಂತಲೇ ಅರ್ಥ.

ಪ್ರೆಪ್ ಮಾತ್ರೆ ಬಗ್ಗೆ ಹೊರಡೋಕೆ ಒಂದು ತಿಂಗಳು ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ. ಇದು ಎಚ್‌ಐವಿ ತಗುಲದ ಹಾಗೆ ಮೊದಲೇ ತಗೊಳ್ಳೋ ಮಾತ್ರೆ, ನಮ್ಮ ದೇಶದ ಕಂಪನಿಗಳೇ ತಯಾರಿಸುತ್ತವೆ. ಶುರು ಮಾಡೋ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಮೂತ್ರಪಿಂಡದ ಪರೀಕ್ಷೆ ಆಗಬೇಕು. ದಿನಕ್ಕೊಂದು ತಗೊಳ್ಳುವವರು ಕನಿಷ್ಠ ಒಂದು ವಾರ ಮುಂಚೆ ಶುರು ಮಾಡಿರಬೇಕು. ಎಲ್ಲಾ ಡಾಕ್ಟರೂ ಮುಖ ಗಂಟಿಕ್ಕದೆ ಕೇಳಿಸಿಕೊಳ್ಳಲ್ಲ, ಅದು ನನಗೂ ಗೊತ್ತು. ಒಬ್ಬರು ಆಗಲ್ಲ ಅಂದರೆ ಇನ್ನೊಬ್ಬರನ್ನು ನೋಡಿ, ನಾಚಿಕೊಂಡು ಬಿಟ್ಟುಬಿಡಬೇಡಿ. ಪ್ರೆಪ್ ಇದ್ದರೂ ಕಾಂಡೋಮ್ ಬೇಕು. ಸಿಫಿಲಿಸ್, ಗೊನೊರಿಯಾ ಈ ಮಾತ್ರೆಗೆ ಬಗ್ಗಲ್ಲ.

ಎಲ್ಲಿ ಉಳಿಯೋದು

ಪಟ್ಟಾಯ ಒಂದೇ ಊರಲ್ಲ. ವಾಕಿಂಗ್ ಸ್ಟ್ರೀಟ್, ಬೀಚ್ ರೋಡ್ ಇರೋ ಕಡೆ ನಮ್ಮ ದೇಶದ ಗುಂಪುಗಳು ಜಾಸ್ತಿ, ಗದ್ದಲ ಜಾಸ್ತಿ. ಅಲ್ಲಿಂದ ದಕ್ಷಿಣಕ್ಕೆ ಗುಡ್ಡ ದಾಟಿದರೆ ಜೋಮ್‌ಟಿಯನ್. ಥಪ್ಪ್ರಯಾ ರಸ್ತೆ ಇಳಿದು ಸಮುದ್ರ ಮುಟ್ಟೋ ಕಡೆ, ಒಂದು ಮಗ್ಗುಲಿಗೆ ಜೋಮ್‌ಟಿಯನ್ ಕಾಂಪ್ಲೆಕ್ಸ್ ಅನ್ನೋ ಗೇ ಬಾರ್‌ಗಳ ಓಣಿಗಳು, ಇನ್ನೊಂದು ಮಗ್ಗುಲಿಗೆ ಡಾಂಗ್‌ತಾನ್ ಬೀಚು. ಎರಡಕ್ಕೂ ನಡೆದು ಹೋಗೋ ಹಾಗೆ ರೂಮ್ ಮಾಡಿ. ರಾತ್ರಿ ಎರಡು ಗಂಟೆಗೆ ಗಾಡಿಯವನ ಜೊತೆ ಚೌಕಾಸಿ ಮಾಡೋ ಕೆಲಸ ತಪ್ಪುತ್ತೆ.

ಬುಕ್ ಮಾಡುವಾಗ ಎರಡು ವಿಷಯ ನೋಡಿ. ಒಂದು, ಇಬ್ಬರು ಗಂಡಸರು ಒಂದೇ ಮಂಚದ ರೂಮ್ ಕೇಳಿದರೆ ಇಲ್ಲಿ ಯಾರೂ ತಲೆ ಎತ್ತಿ ನೋಡಲ್ಲ, ಹಾಗಾಗಿ ಟ್ವಿನ್ ಬೆಡ್ ಅಂತ ಸುಳ್ಳು ಬರೆಯಬೇಡಿ. ಸಂಗಾತಿ ಜೊತೆ ಮೊದಲ ಸಲ ಹೋದಾಗ ನಾನು ಬರೆದಿದ್ದೆ. ಕೌಂಟರ್‌ನಲ್ಲಿದ್ದ ಹೆಂಗಸು ನಮ್ಮಿಬ್ಬರ ಮುಖ ನೋಡಿ, ತಾನಾಗೇ ದೊಡ್ಡ ಮಂಚದ ರೂಮಿನ ಬೀಗದ ಕೈ ಕೊಟ್ಟು, 'ಇದು ಸಮುದ್ರದ ಕಡೆ ಇದೆ' ಅಂದಳು ಅಷ್ಟೇ. ಎರಡು, ರೂಮಿಗೆ ಯಾರನ್ನಾದರೂ ಕರ್ಕೊಂಡು ಬಂದರೆ ಹೆಚ್ಚಿನ ದುಡ್ಡು ಹಾಕ್ತಾರಾ ಅಂತ ಮೊದಲೇ ಕೇಳಿ. ಬಂದವರ ಗುರುತಿನ ಚೀಟಿಯನ್ನು ರಿಸೆಪ್ಷನ್‌ನಲ್ಲಿ ಇಟ್ಟುಕೊಂಡು, ಅವರು ಹೊರಡುವಾಗ ನಿಮ್ಮ ರೂಮಿಗೆ ಫೋನ್ ಮಾಡಿ ವಾಪಸ್ ಕೊಡೋ ಹೋಟೆಲ್ ಆದರೆ ಒಳ್ಳೇದು. ಇದು ನಿಮ್ಮನ್ನು ಅವಮಾನಿಸೋಕೆ ಮಾಡಿದ ನಿಯಮ ಅಲ್ಲ, ಕಾಪಾಡೋಕೆ ಮಾಡಿದ್ದು. ಚೀಟಿ ಕೊಡೋಕೆ ಒಪ್ಪದವರನ್ನು ಬಾಗಿಲಲ್ಲೇ ಕೈಮುಗಿದು ಕಳಿಸಿ.

ಊರೊಳಗೆ ಓಡಾಡೋಕೆ ಸೊಂಗ್‌ಥಾಯೋ ಇದೆ. ಹಿಂದೆ ಎರಡು ಬೆಂಚ್ ಹಾಕಿದ ನೀಲಿ ಪಿಕಪ್ ಗಾಡಿ, ಹೆಚ್ಚುಕಮ್ಮಿ ನಮ್ಮೂರ ಟ್ರ್ಯಾಕ್ಸ್ ಇದ್ದ ಹಾಗೆ. ದಾರಿಯಲ್ಲಿ ಹೋಗ್ತಿರೋದಕ್ಕೆ ಕೈ ಅಡ್ಡ ಹಾಕಿ, ಹತ್ತಿ, ಇಳಿಯೋ ಕಡೆ ಮೇಲಿನ ಗುಂಡಿ ಒತ್ತಿ, ಇಳಿದು ಹತ್ತು ಇಪ್ಪತ್ತು ಬಾತ್ ಕೊಟ್ಟು ನಡೀರಿ. ಎಷ್ಟು ಅಂತ ಕೇಳಿದಿರೋ, ಅದು ಬಾಡಿಗೆ ಗಾಡಿ ಆಗಿಬಿಡುತ್ತೆ, ಇನ್ನೂರು ಅಂತಾರೆ. ಹತ್ತರ ನಾಣ್ಯಗಳನ್ನು ಜೇಬಲ್ಲಿ ಕೂಡಿಟ್ಟುಕೊಂಡಿರಿ. ಸ್ಕೂಟರ್ ಬಾಡಿಗೆಗೆ ತಗೊಳ್ಳೋ ಆಸೆ ಇದ್ದರೆ ದ್ವಿಚಕ್ರ ವಾಹನಕ್ಕೂ ಅನ್ವಯಿಸೋ ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ಅದಿಲ್ಲದೆ ಬಿದ್ದರೆ ವಿಮೆ ಸಿಗೋದು ಕಷ್ಟ.

ಮೊದಲ ಬೆಳಿಗ್ಗೆ: ಡಾಂಗ್‌ತಾನ್

ಥಪ್ಪ್ರಯಾ ರಸ್ತೆಯ ತುದಿಯಲ್ಲಿ ಒಂದು ಪೊಲೀಸ್ ಚೌಕಿ ಇದೆ. ಅಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತು ಬಲಕ್ಕೆ ತಿರುಗಿ. ಮರದ ನೆರಳಿನ ದಾರಿ, ಎಡಕ್ಕೆ ಛತ್ರಿಗಳ ಸಾಲು. ಸ್ವಲ್ಪ ದೂರ ನಡೆದ ಮೇಲೆ ಛತ್ರಿಗಳ ಮಧ್ಯೆ ಕಾಮನಬಿಲ್ಲಿನ ಬಾವುಟ ಕಾಣುತ್ತೆ, ಕೂತವರಲ್ಲಿ ಮುಕ್ಕಾಲು ಪಾಲು ಗಂಡಸರೇ ಇರ್ತಾರೆ. ಅಲ್ಲಿಗೆ ಬಂದಿರಿ ಅಂತ ಲೆಕ್ಕ.

ಒರಗು ಕುರ್ಚಿಗೆ ದಿನಕ್ಕೆ ಐವತ್ತರಿಂದ ನೂರು ಬಾತ್ ಆಗಬಹುದು. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಲೆಕ್ಕ ಹಾಕಿಕೊಳ್ಳಿ. ಕುರ್ಚಿ ಕೊಟ್ಟವರ ಹತ್ತಿರವೇ ಎಳನೀರು, ಬಿಯರ್, ಊಟ ಹೇಳಿ, ದುಡ್ಡು ಹೊರಡುವಾಗ ಒಟ್ಟಿಗೆ ಕೊಡಿ. ಮೂರು ದಿನ ಒಂದೇ ಕಡೆ ಕೂತರೆ ನಾಲ್ಕನೇ ದಿನ ನಿಮ್ಮ ಜಾಗ ಹಿಡಿದಿಟ್ಟಿರ್ತಾರೆ. ನಾನು ಕೂರೋ ಕಡೆಯ ಅಮ್ಮ ಈಗ ಕೇಳೋದೇ ಇಲ್ಲ. ಎಳನೀರು ಕೆತ್ತಿ, ಒಳಗಿನ ಗಂಜಿ ತೆಗೆಯೋಕೆ ಚಮಚ ಸಿಕ್ಕಿಸಿ ತಂದಿಟ್ಟು ಹೋಗ್ತಾರೆ. ಬುಧವಾರಗಳಲ್ಲಿ ಕುರ್ಚಿಯವರು ರಜೆ ಮಾಡೋ ಪದ್ಧತಿ ಇದೆ, ಮಂಗಳವಾರವೇ ಕೇಳಿಕೊಳ್ಳಿ. ರಜೆ ಇದ್ದರೆ ಬಾಲಿ ಹಾಯ್ ಧಕ್ಕೆಯಿಂದ ದೋಣಿ ಹತ್ತಿ ಕೋ ಲಾರ್ನ್ ದ್ವೀಪಕ್ಕೆ ಹೋಗಿ ಬನ್ನಿ. ಮುಕ್ಕಾಲು ಗಂಟೆ ದಾರಿ, ನೀರು ಇಲ್ಲಿಗಿಂತ ತಿಳಿ.

ಊಟದ ವಿಷಯ. ಸಸ್ಯಾಹಾರಿಗಳು 'ವೆಜ್' ಅಂದರೆ ಸಾಲದು, ಮೀನಿನ ಸಾರ ಹಾಕೇ ಹಾಕ್ತಾರೆ. 'ಜೇ' ಅನ್ನಿ. ಹಳದಿ ಬಾವುಟದ ಮೇಲೆ ಕೆಂಪಗೆ ಆ ಅಕ್ಷರ ಇದ್ದರೆ ಅಲ್ಲಿ ಮೀನು, ಮಾಂಸ, ಮೊಟ್ಟೆ ಯಾವುದೂ ಇಲ್ಲ. ದಂಡೆ ಮೇಲೆ ಹೊತ್ತು ಮಾರೋ ಮಾವಿನಕಾಯಿ ಹೋಳು, ಸುಟ್ಟ ಜೋಳ ಹೇಗೂ ಇದೆ.

ಈಜೋರು ಹಗ್ಗ, ತೇಲುಗುಂಡು ಕಟ್ಟಿದ ಗಡಿಯ ಒಳಗೇ ಇರಿ, ಹೊರಗೆ ಜೆಟ್ ಸ್ಕೀಗಳು ನುಗ್ಗಾಡ್ತಿರ್ತವೆ. ಜೆಟ್ ಸ್ಕೀ ಬಾಡಿಗೆಗೆ ತಗೊಂಡು, ಆಮೇಲೆ 'ಗೀರು ಬಿದ್ದಿದೆ' ಅಂತ ಸಾವಿರಾರು ಬಾತ್ ತೆತ್ತವರು ಬೇಕಾದಷ್ಟು ಜನ. ನಾನಂತೂ ಹತ್ತಲ್ಲ. ಚಡ್ಡಿ ಎಷ್ಟು ಚಿಕ್ಕದಿದ್ದರೂ ಯಾರೂ ಏನೂ ಅನ್ನಲ್ಲ, ಬೆತ್ತಲೆ ಮಾತ್ರ ಕಾನೂನಿಗೆ ವಿರುದ್ಧ. ಕತ್ತಲಾದ ಮೇಲೆ ಅದೇ ಮರಗಳ ಕೆಳಗೆ ಗಂಡಸರು ಸುಳಿದಾಡ್ತಾರೆ. ಅಲ್ಲಿ ಫೋನು, ಪರ್ಸು ಕಳಕೊಂಡವರಿದ್ದಾರೆ, ಪೊಲೀಸರ ಕೈಗೆ ಸಿಕ್ಕಿದವರೂ ಇದ್ದಾರೆ. ಆ ಹೊತ್ತಿಗೆ ನೀವು ದೀಪ ಇರೋ ಕಡೆ ಇರಿ.

ಕ್ಯಾಮೆರಾ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಸಮುದ್ರದ ಫೋಟೋ ತೆಗೀರಿ, ಪಕ್ಕದ ಕುರ್ಚಿಯದ್ದು ಬೇಡ. ಅಲ್ಲಿ ಕೂತವರಲ್ಲಿ ಎಷ್ಟು ಜನ ಮನೆಯಲ್ಲಿ ಆಫೀಸ್ ಕೆಲಸ ಅಂತ ಹೇಳಿ ಬಂದಿರ್ತಾರೋ. ನಿಮ್ಮೂರಿನ ಗುರುತಿನವರು ಕಂಡರೆ ಅವರು ಮಾತಾಡಿಸೋ ತನಕ ನೀವಾಗಿ ಮಾತಾಡಿಸಬೇಡಿ. ಮಾತಾಡಿದ ಮೇಲೂ ಅದು ಅಲ್ಲೇ ಉಳೀಬೇಕು.

ಒಂದು ಮಧ್ಯಾಹ್ನ ಹಿಂದಿನ ಕುರ್ಚಿಯಿಂದ ಕನ್ನಡ ಕೇಳಿಸ್ತು. 'ಬಿಸ್ಲು ಈ ಕಡೆ ಬಂತು, ಟವೆಲ್ ಹೊದ್ಕೊ.' ತಿರುಗಿ ನೋಡಿದರೆ ಐವತ್ತು ದಾಟಿದ ಇಬ್ಬರು. ಒಬ್ಬರು ಚಕ್ಕೋತದ ತೊಳೆ ಬಿಡಿಸಿ, ಬಿಳಿ ನಾರು ಒಂದೊಂದಾಗಿ ಕಿತ್ತು, ಇನ್ನೊಬ್ಬರ ಅಂಗೈಗೆ ಇಡ್ತಿದ್ರು. ನಾನು ಕೇಳಿಸಿಕೊಂಡಿದ್ದು ಅವರಿಗೂ ಗೊತ್ತಾಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಯಾವೂರಪ್ಪ?' ಅಂದ್ರು. ಹೇಳಿದೆ. ಇಪ್ಪತ್ತು ವರ್ಷದ ಮೇಲಾಯ್ತಂತೆ ಜೊತೆಯಾಗಿ. ಊರಲ್ಲಿ ಬಾಡಿಗೆ ಹಂಚಿಕೊಂಡಿರೋ ಸ್ನೇಹಿತರು ಅಂತ ಲೆಕ್ಕ. 'ಬಾರಿಗೆಲ್ಲ ನಾವು ಹೋಗಲ್ಲಪ್ಪ. ಇವನ ಬೆನ್ನಿಗೆ ಹಗಲು ಹೊತ್ತಲ್ಲಿ ಎಣ್ಣೆ ಹಚ್ಬೇಕು ಅಂತಲೇ ವರ್ಷಕ್ಕೊಂದ್ಸಲ ಬರೋದು' ಅಂದ್ರು. ಹಚ್ಚಿದ್ರು ಕೂಡ, ನಿಧಾನವಾಗಿ, ಕತ್ತಿನಿಂದ ಸೊಂಟದ ತನಕ. ಸುತ್ತಮುತ್ತ ಯಾರೂ ನೋಡ್ತಿರಲಿಲ್ಲ.

2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟ್, ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಾರ ಇಳಿಸಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕು ಕೊಡೋಕೆ ಆಗಲ್ಲ ಅಂತು. ಥಾಯ್ಲೆಂಡ್‌ನಲ್ಲಿ 2025ರ ಜನವರಿ 23ರಿಂದ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಕಾನೂನಿನ ಪ್ರಕಾರ ಮದುವೆ ನೋಂದಾಯಿಸಿಕೊಳ್ಳಬಹುದು. ಆಗ್ನೇಯ ಏಷ್ಯಾದಲ್ಲಿ ಇದು ಮೊದಲು. ಅಲ್ಲಿ ಮದುವೆಯಾಗಿ ಬಂದರೆ ಇಲ್ಲಿ ಆ ಕಾಗದ ನಡೆಯಲ್ಲ ಅನ್ನೋದು ಗೊತ್ತಿರಲಿ. ಕೋರ್ಟು, ಕಾನೂನು ಅಂತ ಓದಿದಾಗೆಲ್ಲ ನನಗೆ ಆ ಎಣ್ಣೆಯ ಕೈ ಕಣ್ಣ ಮುಂದೆ ಬರುತ್ತೆ.

ಡಾಂಗ್‌ತಾನ್ ಪಶ್ಚಿಮಕ್ಕೆ ಮುಖ ಮಾಡಿದೆ. ಸೂರ್ಯ ಸಮುದ್ರಕ್ಕೇ ಇಳಿಯುತ್ತೆ. ಅದನ್ನು ನೋಡಿಕೊಂಡೇ ಎದ್ದೇಳಿ. ಹಗಲಲ್ಲಿ ಪಕ್ಕದಲ್ಲಿ ಕೂತಿದ್ದ ಯಾರೋ ಒಬ್ಬರು 'ರಾತ್ರಿ ಆ ಓಣಿಯಲ್ಲಿ ಇರ್ತೀವಿ, ಬಾ' ಅಂದಿರ್ತಾರೆ. ಗೊತ್ತಿರೋ ಮುಖ ಒಂದಿದ್ದರೆ ಬಾರಿನೊಳಗೆ ಕಾಲಿಡೋದು ಎಷ್ಟು ಹಗುರ ಅನ್ನೋದು ಒಬ್ಬರೇ ಹೋಗಿ ಬಾಗಿಲಲ್ಲಿ ನಿಂತು ವಾಪಸ್ ಬಂದವರಿಗೆ ಗೊತ್ತು.

ರಾತ್ರಿ

ಊಟ ಮಾಡಿ, ಸ್ನಾನ ಮಾಡಿ, ಕತ್ತಿನ ಚಿನ್ನದ ಸರ ರೂಮಿನ ತಿಜೋರಿಯಲ್ಲಿಟ್ಟು ಹೊರಡಿ. ಇದನ್ನು ಒತ್ತಿ ಹೇಳ್ತೀನಿ, ಪಟ್ಟಾಯದಲ್ಲಿ ಭಾರತೀಯರ ಸರಕ್ಕೆ ಕೈ ಹಾಕೋದು ಹಳೇ ಕಸುಬು. ಪಾಸ್‌ಪೋರ್ಟಿನ ಫೋಟೋ ಫೋನಿನಲ್ಲಿರಲಿ, ಕ್ಲಬ್‌ಗಳಲ್ಲಿ 20 ವರ್ಷ ಆಗಿದೆಯಾ ಅಂತ ನೋಡ್ತಾರೆ. ಆವತ್ತಿಗೆ ಬೇಕಾದಷ್ಟು ದುಡ್ಡು ಮಾತ್ರ ಇಟ್ಟುಕೊಳ್ಳಿ. ಎಟಿಎಂನಲ್ಲಿ ಪ್ರತಿ ಸಲ ಇನ್ನೂರು ಬಾತ್‌ಗಿಂತ ಹೆಚ್ಚು ಮುರಿದುಕೊಳ್ಳುತ್ತೆ, ಆದ್ದರಿಂದ ಒಂದೇ ಸಲ ತೆಗೆದು ರೂಮಿನಲ್ಲಿಡಿ.

ಜೋಮ್‌ಟಿಯನ್ ಕಾಂಪ್ಲೆಕ್ಸ್ ಸಂಜೆ ಏಳಕ್ಕೆ ಕಣ್ಣುಬಿಡುತ್ತೆ, ಒಂಬತ್ತೂವರೆ ಹತ್ತಕ್ಕೆ ತುಂಬುತ್ತೆ. ಓಣಿಯ ಎರಡೂ ಕಡೆ ಬಾರ್, ಹೊರಗೆ ಕುರ್ಚಿ, ಓಡಾಡೋರನ್ನು ನೋಡ್ತಾ ಕೂರೋದೇ ಅರ್ಧ ರಾತ್ರಿಯ ಕೆಲಸ. ಮೊದಲು ಎರಡು ಸುತ್ತು ನಡೀರಿ, ಬಾರಿನಲ್ಲಿ ಕೆಲಸ ಮಾಡೋ ಹುಡುಗರು ಕೈ ಹಿಡಿದು ಕರೀತಾರೆ, ನಕ್ಕು ಮುಂದೆ ಹೋಗಿ. ಆಮೇಲೆ ಹೊರಗಿನ ಕುರ್ಚಿ ಹಿಡೀರಿ. ಕುಡಿಯೋಕೆ ಹೇಳಿದ ಕೂಡಲೇ ಬಿಲ್ಲನ್ನು ಸುರುಳಿ ಸುತ್ತಿ ನಿಮ್ಮ ಮುಂದಿನ ಲೋಟದಲ್ಲಿ ಇಡ್ತಾರೆ. ಹೇಳಿದಂತೆಲ್ಲಾ ಚೀಟಿ ಸೇರ್ತಾ ಹೋಗುತ್ತೆ. ಆಗಾಗ ಬಿಡಿಸಿ ನೋಡಿ, ಯಾರೂ ತಪ್ಪು ತಿಳಿಯಲ್ಲ. ಕೌಂಟರ್ ಮೇಲೆ ಗಂಟೆ ತೂಗುಬಿಟ್ಟಿದ್ದರೆ ಮುಟ್ಟಬೇಡಿ. ಬಾರಿಸಿದವರು ಬಾರಿನಲ್ಲಿರೋ ಎಲ್ಲರಿಗೂ ಕುಡಿಸಬೇಕು.

ಹುಡುಗ ಬಂದು ಪಕ್ಕ ಕೂತು ನನಗೊಂದು ಡ್ರಿಂಕ್ ಅಂದರೆ, ಅದಕ್ಕೆ ನಿಮ್ಮದಕ್ಕಿಂತ ಬೆಲೆ ಜಾಸ್ತಿ, ಅದರಲ್ಲಿ ಒಂದು ಪಾಲು ಅವನಿಗೆ ಹೋಗುತ್ತೆ. ಕೊಡಿಸಬೇಕು ಅನ್ನಿಸಿದರೆ ಕೊಡಿಸಿ, ಇಲ್ಲದಿದ್ದರೆ ಕೈಮುಗಿದು ಇಲ್ಲ ಅನ್ನಿ. ಕೊಡಿಸ್ತೀನಿ ಅಂತ ಗಂಟೆಗಟ್ಟಲೆ ಕೂರಿಸಿಕೊಂಡು ಬಿಡೋದು ತಪ್ಪು, ಅವನಿಗೆ ಅದು ಕೂಲಿ ಹೊತ್ತು. ಈ ಹುಡುಗರಲ್ಲಿ ಬಹಳಷ್ಟು ಜನ ಈಶಾನ್ಯದ ಇಸಾನ್ ಸೀಮೆಯ ರೈತರ ಮಕ್ಕಳು, ದುಡ್ಡು ಊರಿಗೆ ಹೋಗುತ್ತೆ. ಅವರ ಜೊತೆ ಮನುಷ್ಯರ ಹಾಗೆ ಮಾತಾಡಿ. ದುಡ್ಡಿಗೆ ಮೈ ಮಾರೋ ದಂಧೆ ಥಾಯ್ ಕಾನೂನಿಗೆ ವಿರುದ್ಧವೇ, ಎಲ್ಲರ ಕಣ್ಣೆದುರು ನಡೆದರೂ. ಯಾರದೇ ವಯಸ್ಸಿನ ಬಗ್ಗೆ ಕೂದಲೆಳೆಯಷ್ಟು ಅನುಮಾನ ಬಂದರೂ ಎದ್ದು ಹೊರಡಿ.

ಡ್ರ್ಯಾಗ್ ಶೋ, ಅಂದರೆ ಹೆಣ್ಣುವೇಷದ ಆಟ, ಇರೋ ಬಾರ್‌ಗಳಲ್ಲಿ ಹತ್ತರ ಮೇಲೆ ಹಾಡು, ಕುಣಿತ ಇರುತ್ತೆ. ಚೆನ್ನಾಗಿ ಮಾಡಿದವರಿಗೆ ನೋಟನ್ನು ಕೈಯಲ್ಲೇ ಕೊಡಿ, ಎಸೆಯಬೇಡಿ. ದೊಡ್ಡ ರಂಗದ ಮೇಲೆ ನೋಡಬೇಕು ಅಂದರೆ 1974ರಿಂದ ನಡೀತಿರೋ ಟಿಫನೀಸ್ ಶೋಗೆ ಒಂದು ಸಂಜೆ ಇಡಿ. ಅಲ್ಲಿ ಕುಣಿಯುವವರು ಟ್ರಾನ್ಸ್ ಹೆಂಗಸರು. ಮದುವೆ ಕಾನೂನು ಬಂದಾಗಲೂ ಅವರ ದಾಖಲೆಗಳಲ್ಲಿ ಲಿಂಗ ಬದಲಿಸೋ ಕಾನೂನು ಬಂದಿರಲಿಲ್ಲ ಅನ್ನೋದನ್ನು ನೆನಪಿಟ್ಟು ಚಪ್ಪಾಳೆ ತಟ್ಟಿ.

ದಕ್ಷಿಣ ಪಟ್ಟಾಯದಲ್ಲಿ ಬಾಯ್ಜ್‌ಟೌನ್ ಅಂತ ಇನ್ನೊಂದು ಹಳೇ ಓಣಿ ಇದೆ. ಒಂದು ರಾತ್ರಿ ಸುತ್ತಿ ಬನ್ನಿ, ಸಾಕು. ಜೋಮ್‌ಟಿಯನ್‌ನ ಹಾಗೆ ಕೂತು ಹರಟೋ ಜಾಗ ಅದಲ್ಲ.

ನೋವಾಗೋ ಒಂದು ಮಾತು ಹೇಳಲೇಬೇಕು. ಥಾಯ್ ಭಾಷೆಯಲ್ಲಿ ನಮ್ಮಂಥವರಿಗೆ 'ಖೇಕ್' ಅಂತಾರೆ. ಆ ಪದದ ಅರ್ಥ ಅತಿಥಿ. ಆದರೆ ಕೆಲವು ಬಾರ್‌ಗಳಲ್ಲಿ ನಮ್ಮನ್ನು ಅತಿಥಿಯಾಗಿ ನೋಡಲ್ಲ, ಡೇಟಿಂಗ್ ಆ್ಯಪ್‌ಗಳಲ್ಲಿ ಭಾರತೀಯರು ಬೇಡ ಅಂತ ನೇರವಾಗಿ ಬರೆದಿರ್ತಾರೆ. ಮೊದಲ ಸಲ ಓದಿದಾಗ ನನಗೆ ಊಟ ಸೇರಲಿಲ್ಲ. ಅದು ಜನಾಂಗದ್ವೇಷವೇ, ಬೇರೆ ಹೆಸರಿಲ್ಲ. ಅಂಥವರಿಗೆ ವಿವರಣೆ ಕೊಡ್ತಾ ರಾತ್ರಿ ಕಳೀಬೇಡಿ, ಪಕ್ಕದ ಬಾರಿಗೆ ನಡೀರಿ. ಅದರ ಜೊತೆಗೇ, ಆರು ಜನ ಕೂತು ಎರಡು ಬಿಯರ್ ಹಂಚಿಕೊಳ್ಳೋದು, ಬಿಲ್ಲಿಗೆ ಚೌಕಾಸಿ, ಕೇಳದೆ ಮೈ ಮುಟ್ಟೋದು, ಇವನ್ನು ನಮ್ಮವರು ಮಾಡೋದನ್ನೂ ಕಣ್ಣಾರೆ ನೋಡಿದ್ದೀನಿ. ಒಬ್ಬರಿಗೆ ಒಂದು ಗ್ಲಾಸ್ ಹೇಳಿ, 'ಸವಾತ್‌ದೀ ಖ್ರಾಪ್' ಅಂತ ನಮಸ್ಕರಿಸಿ, ಬೇಡ ಅಂದವರನ್ನು ಬಿಟ್ಟುಬಿಡಿ. ಎರಡನೇ ರಾತ್ರಿ ಅದೇ ಬಾರಿನವರು ನಿಮ್ಮ ಹೆಸರು ಹಿಡಿದು ಕರೀತಾರೆ.

ಏನಾದರೂ ಹೆಚ್ಚುಕಮ್ಮಿ ಆದರೆ

ಪ್ರವಾಸಿ ಪೊಲೀಸರಿಗೆ 1155, ಆಂಬುಲೆನ್ಸ್‌ಗೆ 1669. ಗ್ಲಾಸ್ ಬಿಟ್ಟು ಎದ್ದು ಹೋಗಿದ್ದರೆ ಅದನ್ನೇ ಮತ್ತೆ ಕುಡಿಯಬೇಡಿ. ಕಾಂಡೋಮ್ ಹರಿದರೆ, ಅಥವಾ ಬಳಸೋಕೆ ಆಗದಿದ್ದರೆ, ನಾಳೆ ನೋಡೋಣ ಅನ್ನಬೇಡಿ. ಎಚ್‌ಐವಿ ತಡೆಯೋ ಪೆಪ್ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತಗೊಳ್ಳಬೇಕು. ಬೇಗ ಮಾಡಿದಷ್ಟೂ ಒಳ್ಳೇದು. ಪಟ್ಟಾಯದಲ್ಲಿ ಸ್ವಿಂಗ್ ಅನ್ನೋ ಸಂಸ್ಥೆಯವರು ಈ ಕೆಲಸ ಮಾಡ್ತಾರೆ, ಅಲ್ಲಿ ನಿಮ್ಮನ್ನು ನೋಡಿ ಯಾರೂ ಮುಖ ತಿರುಗಿಸಲ್ಲ. ದೊಡ್ಡ ಆಸ್ಪತ್ರೆಗಳಲ್ಲೂ ಕೇಳಬಹುದು, ಖರ್ಚು ಜಾಸ್ತಿ.

ಇ-ಸಿಗರೇಟ್ ತಗೊಂಡು ಹೋಗಬೇಡಿ, ಥಾಯ್ಲೆಂಡ್‌ನಲ್ಲಿ ನಿಷೇಧ. ಗಾಂಜಾ ಅಂಗಡಿ ಬೀದಿಯಲ್ಲಿ ಕಂಡಿತು ಅಂತ ಒಂದೆಳೆಯೂ ಊರಿಗೆ ತರಬೇಡಿ. ಬ್ಯಾಂಕಾಕ್‌ನಿಂದ ಬಂದವರ ಬ್ಯಾಗ್‌ಗಳನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದಿರೋ ಸುದ್ದಿ ಮತ್ತೆ ಮತ್ತೆ ಬಂದಿದೆ.

ವಾಪಸ್ ಬಂದ ಮೇಲೆ

ಆರು ವಾರ ಬಿಟ್ಟು ಒಂದು, ಮೂರು ತಿಂಗಳಿಗೆ ಇನ್ನೊಂದು ಎಚ್‌ಐವಿ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಅನ್ನೋ ಸಲಹೆ ಮತ್ತು ಪರೀಕ್ಷೆಯ ಕೇಂದ್ರದಲ್ಲಿ ದುಡ್ಡಿಲ್ಲದೆ, ಗುಟ್ಟಾಗಿ ಮಾಡ್ತಾರೆ. ಎಚ್‌ಐವಿ ಸಹಾಯವಾಣಿ 1097.

ಇನ್ನೊಂದನ್ನು ಯಾರೂ ಮೊದಲೇ ಹೇಳಿರಲ್ಲ. ಇಳಿದು ಎರಡು ಮೂರು ದಿನ ಮನಸ್ಸು ಬಹಳ ಭಾರವಾಗುತ್ತೆ. ಐದು ದಿನ ಕೈ ಹಿಡಿದು ನಡೆದವರು ಏರ್‌ಪೋರ್ಟ್ ಬಸ್ಸಿನಲ್ಲಿ ಮತ್ತೆ ಒಂದು ಸೀಟು ಬಿಟ್ಟು ಕೂತುಕೊಳ್ಳಬೇಕಾಗುತ್ತೆ. ಅದಕ್ಕೇ, ಹೊರಡೋ ಮುಂಚೆಯೇ, ಬಂದ ವಾರದ ಭಾನುವಾರಕ್ಕೆ ಗೊತ್ತಿರೋ ಸ್ನೇಹಿತರ ಜೊತೆ ಊಟಕ್ಕೆ ಮಾತಾಡಿಟ್ಟುಕೊಳ್ಳಿ. ಅಂಥವರು ಯಾರೂ ಇಲ್ಲ ಅಂದರೆ ಬೆಂಗಳೂರಿನಲ್ಲಿ 'ಗುಡ್ ಆ್ಯಸ್ ಯು' ಬಳಗ 1994ರಲ್ಲೇ ಹುಟ್ಟಿದ್ದು, 2008ರಿಂದ ಪ್ರೈಡ್ ಮೆರವಣಿಗೆ ಇದೆ. ಮೊದಲ ಸಲ ಹೋದಾಗ ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತರೂ ಆಯ್ತು.

ಬಟ್ಟೆ ಒಗೆಯೋಕೆ ಹಾಕೋ ಮುಂಚೆ ಚಡ್ಡಿಯ ಜೇಬು ನೋಡಿ. ಮರಳಿನ ಜೊತೆ ಒಂದೆರಡು ಹತ್ತರ ನಾಣ್ಯ ಉಳಿದಿರುತ್ತೆ. ಎತ್ತಿಡಿ, ಮುಂದಿನ ಸಲ ಗಾಡಿಗೆ ಬೇಕಾಗುತ್ತೆ.